ಹಳೆಯ ಕಂಪ್ಯೂಟರಿಗೆ ಡಯಲ್-ಅಪ್ ಸಂಪರ್ಕ: ಆ ಫೋನ್ ಕರೆಯೊಳಗೆ ನಡೆಯುವುದೇನು?

ಅಮೆರಿಕದ ಎಒಎಲ್ ಸಂಸ್ಥೆಯು 2025ರ ಸೆಪ್ಟೆಂಬರ್ 30ರಂದು ತನ್ನ ಡಯಲ್-ಅಪ್ ಇಂಟರ್ನೆಟ್ ಸೇವೆಯನ್ನು ಮುಚ್ಚಿತು. ಸುದ್ದಿ ಓದಿದ ಅನೇಕರ ಬಾಯಿಂದ ಬಂದ ಮೊದಲ ಮಾತು ‘ಅದು ಇನ್ನೂ ಇತ್ತೇ?’ ಎಂಬುದು. ನಮ್ಮಲ್ಲಿಯೂ ಬ್ರಾಡ್‌ಬ್ಯಾಂಡ್ ಬಂದು, ಅದರ ಹಿಂದೆಯೇ ಮೊಬೈಲ್ ಡೇಟಾ ಬಂದು, ಫೋನಿನ ತಂತಿಯ ಮೂಲಕ ಇಂಟರ್ನೆಟ್ಟಿಗೆ ಕರೆ ಮಾಡುತ್ತಿದ್ದ ದಿನಗಳು ಮರೆತೇಹೋಗಿವೆ. ಆದರೂ ಅಟ್ಟದ ಮೇಲಿದ್ದ ಕಂಪ್ಯೂಟರನ್ನು ಕೆಳಗಿಳಿಸಿ, ಧೂಳು ಒರೆಸಿ, ‘ಇದಕ್ಕೆ ಮತ್ತೆ ಆ ಸಂಪರ್ಕ ಕೊಡಬಹುದೇ?’ ಎಂದು ಕೇಳುವವರಿದ್ದಾರೆ. ಕೆಲವರಿಗೆ ಅದು ಹವ್ಯಾಸ, ಕೆಲವರಿಗೆ ಆ ಯಂತ್ರದೊಳಗೆ ಉಳಿದಿರುವ ಹಳೆಯ ಕಡತಗಳ ಆಸೆ, ಇನ್ನು ಕೆಲವರಿಗೆ ಆ ಕಿರುಚು ಸದ್ದಿನ ಅರ್ಥ ತಿಳಿಯುವ ಕುತೂಹಲ.

ಈ ಲೇಖನವನ್ನು ವಿಂಡೋಸ್ 98 ಇರುವ, ಪೆಂಟಿಯಂ ಕಾಲದ ಒಂದು ಮನೆಯ ಕಂಪ್ಯೂಟರನ್ನು ಎದುರಿಗಿಟ್ಟುಕೊಂಡು ಬರೆದಿದೆ. ವಿಂಡೋಸ್ 95 ಇದ್ದರೂ ಕ್ರಮ ಹೆಚ್ಚುಕಡಿಮೆ ಇದೇ.

ಇದು ನಿಜಕ್ಕೂ ಒಂದು ಫೋನ್ ಕರೆ

ಡಯಲ್-ಅಪ್ ಎಂದರೆ ಎರಡು ಕಂಪ್ಯೂಟರುಗಳು ಸಾಧಾರಣ ದೂರವಾಣಿ ತಂತಿಯ ಮೇಲೆ ಪರಸ್ಪರ ಕರೆ ಮಾಡಿ ಮಾತಾಡುವುದು. ಒಂದು ತುದಿಯಲ್ಲಿ ನಮ್ಮ ಮನೆಯ ಕಂಪ್ಯೂಟರ್, ಇನ್ನೊಂದು ತುದಿಯಲ್ಲಿ ಇಂಟರ್ನೆಟ್ ಸೇವೆ ಒದಗಿಸುವ ಸಂಸ್ಥೆಯ ಯಂತ್ರ. ನಡುವೆ ಇರುವುದು ನಾವು ನೆಂಟರಿಗೆ ಫೋನ್ ಮಾಡುವಾಗ ಬಳಕೆಯಾಗುವ ಅದೇ ತಂತಿ, ಅದೇ ಎಕ್ಸ್‌ಚೇಂಜ್. ಈ ಒಂದು ಸಂಗತಿಯನ್ನು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗುತ್ತದೆ, ಏಕೆಂದರೆ ಹೊಂದಿಸಬೇಕಾದ ಪ್ರತಿಯೊಂದು ಅಂಶವೂ ಕರೆ ಮಾಡುವವನು ಕೇಳಿಕೊಳ್ಳುವ ಯಾವುದಾದರೊಂದು ಪ್ರಶ್ನೆಗೆ ಉತ್ತರ: ಫೋನ್ ಎಲ್ಲಿದೆ, ಯಾವ ಸಂಖ್ಯೆಗೆ ಮಾಡಬೇಕು, ಆ ಕಡೆ ಎತ್ತಿದವರೊಡನೆ ಯಾವ ಭಾಷೆಯಲ್ಲಿ ಮಾತಾಡಬೇಕು, ‘ಯಾರು?’ ಎಂದು ಕೇಳಿದರೆ ಏನು ಹೇಳಬೇಕು.

ಕರೆಯಾದ್ದರಿಂದ ಕರೆಯ ಗುಣದೋಷಗಳೆಲ್ಲ ಇದಕ್ಕೂ ಅಂಟಿಕೊಂಡಿವೆ. ಸಂಪರ್ಕದಲ್ಲಿ ಇರುವಷ್ಟು ಹೊತ್ತು ಮನೆಯ ಫೋನ್ ಎಂಗೇಜ್ ಆಗಿರುತ್ತದೆ. ಪಡಸಾಲೆಯ ಫೋನಿಗೆ ಪ್ಯಾರಲಲ್ ಎಳೆದಿದ್ದು, ಒಳಮನೆಯಲ್ಲಿ ಯಾರಾದರೂ ರಿಸೀವರ್ ಎತ್ತಿದರೆ ಸಂಪರ್ಕ ಕಡಿದುಹೋಗಬಹುದು. ಇಂಟರ್ನೆಟ್ಟಿನ ಶುಲ್ಕವೇ ಬೇರೆ, ಫೋನಿನ ಬಿಲ್ಲೇ ಬೇರೆ. ಆಗ ಸರ್ಕಾರದ್ದಾಗಿದ್ದ ದೂರಸಂಪರ್ಕ ಸಂಸ್ಥೆ ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ಮುಂಬೈ, ದೆಹಲಿ, ಕೋಲ್ಕತ್ತ, ಚೆನ್ನೈಗಳಲ್ಲಿ ಸಾರ್ವಜನಿಕರಿಗೆ ಈ ಸೇವೆಯನ್ನು ತೆರೆದಾಗ, ಆಮೇಲೆ ಬೆಂಗಳೂರು, ಪುಣೆಗಳು ಸೇರಿಕೊಂಡಾಗ, ಉಳಿದ ಊರಿನವರು ಆ ನಗರಗಳಿಗೆ ಎಸ್‌ಟಿಡಿ ಕರೆ ಮಾಡಿಯೇ ಇಂಟರ್ನೆಟ್ ಮುಟ್ಟಬೇಕಾಗುತ್ತಿತ್ತು. ಹತ್ತಿರದ ಎಕ್ಸ್‌ಚೇಂಜಿನಿಂದಲೇ ಸ್ಥಳೀಯ ಕರೆಯ ದರದಲ್ಲಿ ಸಂಪರ್ಕ ಸಿಗುವಂತೆ 172ರಿಂದ ಶುರುವಾಗುವ ಸಂಖ್ಯೆಗಳು ಬಂದದ್ದು ಆಮೇಲೆ.

ಮೋಡೆಮ್ ಏಕೆ ಬೇಕು, ವೇಗ ಏಕೆ ಇಷ್ಟೇ?

ದೂರವಾಣಿಯ ಜಾಲವನ್ನು ಕಟ್ಟಿದ್ದು ಮನುಷ್ಯರ ಧ್ವನಿಗಾಗಿ. ಮಾತು ಅರ್ಥವಾಗಲು ಸಾಕೆಂದು ಅದು ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ಸ್ವರಗಳನ್ನು ಮಾತ್ರ ಸಾಗಿಸುತ್ತದೆ. ಫೋನಿನಲ್ಲಿ ಕೇಳಿದ ಸಂಗೀತ ಡಬ್ಬಿಯೊಳಗಿಂದ ಬಂದಂತೆ ಕೇಳುವುದು ಇದೇ ಕಾರಣಕ್ಕೆ. ಕಂಪ್ಯೂಟರಿನ ಭಾಷೆಯಲ್ಲಿ ಸ್ವರವೇ ಇಲ್ಲ; ಅದರಲ್ಲಿರುವುದು ಸೊನ್ನೆ ಮತ್ತು ಒಂದು; ಇಂಥ ಒಂದೊಂದಕ್ಕೂ ಬಿಟ್ ಎಂದು ಹೆಸರು. ಇವನ್ನು ಫೋನ್ ತಂತಿ ಒಪ್ಪಿಕೊಳ್ಳುವ ಸ್ವರಗಳಾಗಿ ಮಾಡಿ ಕಳಿಸುವುದು, ಆ ಕಡೆಯಿಂದ ಬಂದ ಸ್ವರಗಳನ್ನು ಮತ್ತೆ ಸೊನ್ನೆ-ಒಂದುಗಳಾಗಿ ಬಿಡಿಸುವುದು ಮೋಡೆಮ್ಮಿನ ಕೆಲಸ. ಮಾಡ್ಯುಲೇಟರ್, ಡಿಮಾಡ್ಯುಲೇಟರ್ ಎಂಬ ಎರಡು ಪದಗಳ ತುಂಡುಗಳನ್ನು ಸೇರಿಸಿ ಅದರ ಹೆಸರು ಮಾಡಿದ್ದಾರೆ. ಭಾಷೆ ಬಾರದ ಊರಿನಲ್ಲಿ ಜತೆಗೆ ಬರುವ ದುಭಾಷಿಯಂತೆ ಎಂದರೆ ತಪ್ಪಾಗದು, ಆದರೆ ಈ ದುಭಾಷಿ ಎರಡೂ ತುದಿಯಲ್ಲಿ ಒಬ್ಬೊಬ್ಬ ಇರಲೇಬೇಕು.

ಇಷ್ಟು ಕಿರಿದಾದ ದಾರಿಯಲ್ಲಿ, ಜತೆಗೆ ಒಂದಿಷ್ಟು ಗೊರಗೊರ ಸದ್ದೂ ಇರುವಲ್ಲಿ, ಎಷ್ಟು ಮಾಹಿತಿ ಹಾಯಬಲ್ಲದು ಎಂಬುದಕ್ಕೆ ಒಂದು ಮಿತಿಯಿದೆ. ಆ ಲೆಕ್ಕವನ್ನು ಅಮೆರಿಕದ ಗಣಿತಜ್ಞ ಕ್ಲಾಡ್ ಶಾನನ್ 1948ರಲ್ಲಿಯೇ ತೋರಿಸಿದ್ದರು. ಒಳ್ಳೆಯ ಫೋನ್ ತಂತಿಗೆ ಅದನ್ನು ಅನ್ವಯಿಸಿದರೆ ಸೆಕೆಂಡಿಗೆ ಸುಮಾರು 35 ಸಾವಿರ ಬಿಟ್‌ಗಳ ಆಸುಪಾಸಿಗೆ ಬರುತ್ತದೆ, ವಿ.34 ಎಂಬ ಮಾನದಂಡದ ಮೋಡೆಮ್‌ಗಳು 33.6 ಕಿಲೋಬಿಟ್‌ಗೆ ಬಂದು ನಿಂತದ್ದು ಹಾಗಾಗಿ.

ಹಾಗಿದ್ದರೆ ಪೆಟ್ಟಿಗೆಯ ಮೇಲೆ ‘56ಕೆ’ ಎಂದು ಬರೆದಿರುವುದು ಹೇಗೆ? ಇಲ್ಲಿ ಒಂದು ಜಾಣತನವಿದೆ. ಎಕ್ಸ್‌ಚೇಂಜ್ ತಲಪಿದ ಧ್ವನಿಯನ್ನು ಅಲ್ಲಿನ ಯಂತ್ರ ಸೆಕೆಂಡಿಗೆ 8,000 ಸಲ ಅಳೆದು, ಪ್ರತಿ ಅಳತೆಯನ್ನೂ 8 ಬಿಟ್‌ಗಳಲ್ಲಿ ಬರೆದುಕೊಂಡು ಮುಂದೆ ಕಳಿಸುತ್ತದೆ. ಅಳೆದು ಬರೆಯುವಾಗ ಸ್ವಲ್ಪ ಏರುಪೇರು ಆಗಿಯೇ ಆಗುತ್ತದೆ. ಅಂಗಡಿಯವನು ಗ್ರಾಂಗಳನ್ನು ಬಿಟ್ಟು ಪಾವು ಕಿಲೋ ಲೆಕ್ಕದಲ್ಲಿ ಹೇಳಿದ ಹಾಗೆ. ಆದರೆ ಸೇವಾದಾರ ಸಂಸ್ಥೆಯು ತಂತಿಯ ಬದಲು ನೇರವಾಗಿ ಡಿಜಿಟಲ್ ಮಾರ್ಗದಿಂದಲೇ ಎಕ್ಸ್‌ಚೇಂಜಿಗೆ ಸೇರಿಕೊಂಡಿದ್ದರೆ, ಅಲ್ಲಿಂದ ನಮ್ಮತ್ತ ಬರುವ ಹಾದಿಯಲ್ಲಿ ಈ ಅಳತೆಯ ಹಂತವೇ ಇರುವುದಿಲ್ಲ. ಎಂಟು ಬಿಟ್‌ಗಳಲ್ಲಿ ಏಳನ್ನು ನೆಚ್ಚಿಕೊಂಡರೂ 8,000ವನ್ನು 7ರಿಂದ ಗುಣಿಸಿದಾಗ 56,000 ಸಿಗುತ್ತದೆ. 1998ರ ವಿ.90 ಮಾನದಂಡ ಮಾಡಿದ್ದು ಇದನ್ನೇ. ನಮ್ಮಿಂದ ಆ ಕಡೆಗೆ ಹೋಗುವ ಹಾದಿಯಲ್ಲಿ ಮಾತ್ರ ಅಳತೆ ತಪ್ಪದು. ಆದ್ದರಿಂದ ಏರುವ ವೇಗ 33.6ರಲ್ಲಿಯೇ ಉಳಿಯಿತು. ಹಳೆಯ ತಂತಿ, ದೂರದ ಎಕ್ಸ್‌ಚೇಂಜ್ ಇದ್ದಲ್ಲಿ 56 ಎಂಬುದು ಪೆಟ್ಟಿಗೆಯ ಮೇಲಿನ ಅಂಕಿಯಷ್ಟೇ. ನಲವತ್ತರ ಮೇಲೆ ಸಿಕ್ಕಿದರೆ ತಂತಿ ಚೆನ್ನಾಗಿದೆ ಎಂದುಕೊಳ್ಳಬೇಕು.

ಇನ್ನೊಂದು ಗೊಂದಲವನ್ನು ಇಲ್ಲಿಯೇ ಬಗೆಹರಿಸಬೇಕು. ಸಂಪರ್ಕದ ವೇಗ ಹೇಳುವುದು ಬಿಟ್‌ಗಳಲ್ಲಿ, ಕಡತದ ಗಾತ್ರ ಹೇಳುವುದು ಬೈಟ್‌ಗಳಲ್ಲಿ. ಒಂದು ಬೈಟ್ ಎಂದರೆ ಎಂಟು ಬಿಟ್. 33.6 ಕಿಲೋಬಿಟ್ ವೇಗದಲ್ಲಿ ಒಂದು ಮೆಗಾಬೈಟ್ ಇಳಿಯಲು ನಾಲ್ಕು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಬೇಕು. ಇಂದಿನ ಫೋನಿನಲ್ಲಿ ತೆಗೆದ ನಾಲ್ಕು ಮೆಗಾಬೈಟಿನ ಒಂದು ಚಿತ್ರಕ್ಕೆ ಹದಿನೇಳು ನಿಮಿಷ ಹಿಡಿಯುತ್ತದೆ.

ಮೋಡೆಮ್ ಯಾವ ಬಗೆಯದು ಎಂದು ಮೊದಲು ನೋಡಿ

ಕಂಪ್ಯೂಟರಿನ ಹಿಂಬದಿಯಲ್ಲಿ ಫೋನ್ ತಂತಿ ಸಿಕ್ಕಿಸುವ ಎರಡು ಚೌಕ ಕಿಂಡಿಗಳಿದ್ದರೆ ಮೋಡೆಮ್ ಒಳಗೇ ಇದೆ ಎಂದರ್ಥ. ಇಲ್ಲದಿದ್ದರೆ ಹೊರಗಿಡುವ ಮೋಡೆಮ್ ಬೇಕು. ಅದು ಸೀರಿಯಲ್ ಪೋರ್ಟಿಗೆ, ಅಂದರೆ ಒಂಬತ್ತು ಸಣ್ಣ ಕಡ್ಡಿಗಳಿರುವ ಕಿಂಡಿಗೆ, ಸೇರಿಕೊಳ್ಳುತ್ತದೆ. ಹೊರಗಿನದರ ಮುಂಭಾಗದಲ್ಲಿ ಸಾಲಾಗಿ ದೀಪಗಳಿರುತ್ತವೆ. ಕರೆ ಎಲ್ಲಿಯವರೆಗೆ ಬಂದಿದೆ, ಅಕ್ಷರಗಳು ಹರಿಯುತ್ತಿವೆಯೋ ಇಲ್ಲವೋ ಎಂಬುದು ಅವುಗಳಿಂದ ಒಂದೇ ನೋಟಕ್ಕೆ ತಿಳಿಯುವುದರಿಂದ, ಹೊಸದಾಗಿ ಕಲಿಯುವವರಿಗೆ ಹೊರಗಿನ ಮೋಡೆಮ್ಮೇ ಮೇಲು.

ಒಳಗಿನ ಕಾರ್ಡುಗಳಲ್ಲಿ ವಿನ್‌ಮೋಡೆಮ್ ಎಂಬ ಒಂದು ಬಗೆಯಿದೆ. ಅಗ್ಗವಾಗಿ ಸಿಗಲೆಂದು ಅದರಲ್ಲಿ ಅರ್ಧ ಯಂತ್ರವನ್ನೇ ಬಿಟ್ಟಿದ್ದಾರೆ. ಸ್ವರಗಳನ್ನು ಕಟ್ಟುವ, ಬಿಡಿಸುವ ಕೆಲಸವನ್ನು ಕಂಪ್ಯೂಟರಿನ ಪ್ರೊಸೆಸರೇ ಮಾಡಿಕೊಳ್ಳಬೇಕು. ಇದಕ್ಕೆ ತಕ್ಕ ಡ್ರೈವರ್, ಅಂದರೆ ಅದನ್ನು ನಡೆಸುವ ತಂತ್ರಾಂಶ, ಸಿಗದಿದ್ದರೆ ಅದು ಬರಿಯ ಹಲಗೆ. ವಿಂಡೋಸಿಗಿಂತ ಹಳೆಯದಾದ ಡಾಸ್‌ನಲ್ಲಂತೂ ನಡೆಯುವುದಿಲ್ಲ.

ಪೋರ್ಟುಗಳ ವಿಷಯದಲ್ಲಿ ಆ ಕಾಲದ ಒಂದು ಪೇಚು ಇದೆ. ಸೀರಿಯಲ್ ಪೋರ್ಟುಗಳಿಗೆ ಕಂಪ್ಯೂಟರ್ ಕೊಡುವ ಹೆಸರು ಕಾಮ್; ಅವುಗಳಲ್ಲಿ ಕಾಮ್ 1 ಮತ್ತು ಕಾಮ್ 3 ಎರಡೂ ಪ್ರೊಸೆಸರನ್ನು ಕರೆಯಲು ಒಂದೇ ಗಂಟೆಯನ್ನು ಬಾರಿಸುತ್ತವೆ. ಕಾಮ್ 2 ಮತ್ತು ಕಾಮ್ 4ಕ್ಕೂ ಗಂಟೆ ಒಂದೇ. ಕಾಮ್ 1ರಲ್ಲಿ ಮೌಸ್ ಇದ್ದು ಕಾಮ್ 3ಕ್ಕೆ ಮೋಡೆಮ್ ಕೂಡಿಸಿದರೆ, ಯಾರು ಬಾರಿಸಿದರು ಎಂಬುದು ತಿಳಿಯದೆ ಮೌಸ್ ಅಲುಗಾಡಿಸಿದಾಗಲೆಲ್ಲ ಸಂಪರ್ಕ ಸಾಯುತ್ತದೆ. ಮೌಸ್ 1ರಲ್ಲಿದ್ದರೆ ಮೋಡೆಮ್ 2ರಲ್ಲಿರಲಿ.

ಗೋಡೆಯಿಂದ ಕಂಪ್ಯೂಟರಿನವರೆಗೆ

ಕಂಪ್ಯೂಟರ್ ಹಚ್ಚುವ ಮೊದಲು ಗೋಡೆಯ ಮೇಲಿನ ರೊಸೆಟ್ ಪೆಟ್ಟಿಗೆಯನ್ನು ನೋಡಬೇಕು. ನಮ್ಮ ಮನೆಗಳಲ್ಲಿ ಹೊರಗಿನಿಂದ ಬಂದ ಎರಡು ಎಳೆಗಳನ್ನು ಅದರೊಳಗೆ ಸ್ಕ್ರೂಗಳಿಗೆ ಬಿಗಿದು, ಅಲ್ಲಿಂದ ಫೋನಿಗೆ ತಂತಿ ಕೊಟ್ಟಿರುತ್ತಾರೆ. ಮಲೆನಾಡಿನ ನಮ್ಮ ಮನೆಯಲ್ಲಿ ಒಮ್ಮೆ ಸಂಪರ್ಕ ಹತ್ತು ನಿಮಿಷಕ್ಕೊಮ್ಮೆ ಕಡಿಯುತ್ತಿತ್ತು. ವಾರಗಟ್ಟಲೆ ವಿಂಡೋಸನ್ನೇ ಬೈದು, ಕೊನೆಗೆ ರೊಸೆಟ್ಟಿನ ಮುಚ್ಚಳ ಬಿಚ್ಚಿದರೆ ಒಳಗೆ ಇರುವೆಗಳು ಮಣ್ಣು ತುಂಬಿದ್ದವು. ಒಂದು ಸ್ಕ್ರೂವಿನ ಸುತ್ತ ತಾಮ್ರ ಹಸಿರುಗಟ್ಟಿ ಎಳೆ ಕೂದಲಿನಷ್ಟೇ ಉಳಿದಿತ್ತು. ತಂತಿಯ ತುದಿಯನ್ನು ಅರ್ಧ ಇಂಚು ಕತ್ತರಿಸಿ, ಹೊಸದಾಗಿ ಕೆರೆದು ಬಿಗಿದ ಮೇಲೆ ಅದೇ ಮೋಡೆಮ್ ಗಂಟೆಗಟ್ಟಲೆ ನಿಂತಿತು.

ಆದ್ದರಿಂದ ಮೊದಲ ಪರೀಕ್ಷೆ ಕಿವಿಯದು. ಮಾಮೂಲಿ ಫೋನನ್ನು ಸಿಕ್ಕಿಸಿ, ರಿಸೀವರ್ ಎತ್ತಿ, ಒಂದೇ ಒಂದು ಅಂಕಿಯನ್ನು ಒತ್ತಬೇಕು. ಡಯಲ್ ಟೋನ್ ನಿಂತು ನಿಶ್ಶಬ್ದವಾಗುತ್ತದೆ. ಆ ನಿಶ್ಶಬ್ದದಲ್ಲಿ ಚರಚರ ಎಂಬ ಸದ್ದು, ಗುಂಯ್‌ಗುಡುವಿಕೆ, ಬೇರೆಯವರ ಮಾತು ಕೇಳಿದರೆ ಮೋಡೆಮ್ಮಿಗೂ ಅದು ಕೇಳುತ್ತದೆ. ನಾವು ಮಾತಿನ ಸಂದರ್ಭದಿಂದ ತಪ್ಪಿದ ಪದವನ್ನು ಊಹಿಸಿಕೊಳ್ಳುತ್ತೇವೆ. ಮೋಡೆಮ್ ಹಾಗೆ ಊಹಿಸಲಾರದು, ಹಾಳಾದ ತುಣುಕನ್ನು ಮತ್ತೆ ಕಳಿಸೆಂದು ಕೇಳುತ್ತ ನಿಧಾನವಾಗುತ್ತದೆ. ಮಳೆಗಾಲದಲ್ಲಿ ಕೇಬಲ್ ಜಾಯಿಂಟಿಗೆ ನೀರಿಳಿದಾಗ ವೇಗ ಕುಸಿಯುತ್ತಿದ್ದುದು ಇದರಿಂದಲೇ.

ಗೋಡೆಯಿಂದ ಬಂದ ತಂತಿಯನ್ನು ಮೋಡೆಮ್ಮಿನ ‘ಲೈನ್’ ಎಂದು ಗುರುತಿಸಿದ ಕಿಂಡಿಗೆ ಸಿಕ್ಕಿಸಬೇಕು. ‘ಫೋನ್’ ಎಂದಿರುವುದು ಮನೆಯ ಫೋನನ್ನು ಅದರ ಮುಂದಕ್ಕೆ ಜೋಡಿಸಲು. ಎರಡನ್ನೂ ಅದಲುಬದಲು ಮಾಡುವುದು ತೀರ ಸಾಮಾನ್ಯವಾದ ತಪ್ಪು. ಗುಡುಗಿನ ದಿನಗಳಲ್ಲಿ ಈ ತಂತಿಯನ್ನು ಗೋಡೆಯಿಂದಲೇ ಕಿತ್ತಿಡಬೇಕು. ವಿದ್ಯುತ್ತಿನ ಸ್ವಿಚ್ ಆರಿಸಿದ್ದರೂ ಸಿಡಿಲಿನ ಹೊಡೆತ ಫೋನ್ ತಂತಿಯ ದಾರಿಯಲ್ಲಿ ಒಳಗೆ ಬರುತ್ತದೆ. ಒಳಗಿನ ಮೋಡೆಮ್ ಆಗಿದ್ದರೆ ಅದು ಮದರ್‌ಬೋರ್ಡನ್ನೂ ಜತೆಗೆ ಕರೆದೊಯ್ಯಬಹುದು.

ವಿಂಡೋಸ್ 98ಕ್ಕೆ ಹೇಳಿಕೊಡುವುದು

ವಿಂಡೋಸ್‌ನ ಮೂಲ ಸಿಡಿಯನ್ನು ಕೈಯಳತೆಯಲ್ಲಿ ಇಟ್ಟುಕೊಂಡೇ ಕೂರಬೇಕು. ನಡುನಡುವೆ ಅದು ಸಿಡಿ ಕೇಳದೆ ಬಿಡುವುದಿಲ್ಲ. ಕಂಟ್ರೋಲ್ ಪ್ಯಾನೆಲ್ಲಿನಲ್ಲಿ ‘ಮೋಡೆಮ್ಸ್’ ತೆರೆದು, ‘ಡಯಾಗ್ನೋಸ್ಟಿಕ್ಸ್’ ಪುಟದಲ್ಲಿ ಮೋಡೆಮ್ ಇರುವ ಪೋರ್ಟನ್ನು ಆರಿಸಿ ‘ಮೋರ್ ಇನ್ಫೋ’ ಒತ್ತಿದರೆ, ವಿಂಡೋಸ್ ಮೋಡೆಮ್ಮಿಗೆ ಕೆಲವು ಪ್ರಶ್ನೆ ಕೇಳಿ ಉತ್ತರಗಳನ್ನು ಪಟ್ಟಿಯಾಗಿ ತೋರಿಸುತ್ತದೆ. ಉತ್ತರ ಬಂದರೆ ‘ಫೋನ್ ಎಲ್ಲಿದೆ?’ ಎಂಬ ಮೊದಲ ಪ್ರಶ್ನೆ ಮುಗಿಯಿತು.

ಈ ಪ್ರಶ್ನೋತ್ತರ ನಡೆಯುವ ಭಾಷೆಗೆ ಎಟಿ ಆಜ್ಞೆಗಳು ಎಂದು ಹೆಸರು. 1981ರಲ್ಲಿ ಬಂದ ಹೇಸ್ ಕಂಪನಿಯ ಸ್ಮಾರ್ಟ್‌ಮೋಡೆಮ್ ಇದನ್ನು ರೂಢಿಗೆ ತಂದಿತು. ‘ಎಟಿ’ ಎಂದರೆ ‘ಇಲ್ಲಿ ಕೇಳು’ ಎಂದು ಗಮನ ಸೆಳೆಯುವುದು, ‘ಡಿ’ ಎಂದರೆ ಡಯಲ್ ಮಾಡು, ‘ಎಚ್’ ಎಂದರೆ ಫೋನ್ ಇಡು. ಡಿ ಆದ ಮೇಲೆ ‘ಟಿ’ ಬರೆದರೆ ಟೋನ್, ‘ಪಿ’ ಬರೆದರೆ ಪಲ್ಸ್. ಈ ಕೊನೆಯ ಭೇದ ನಮ್ಮಲ್ಲಿ ಮುಖ್ಯವಾಗಿತ್ತು. ಬೆಂಗಳೂರಿನ ದೂರವಾಣಿನಗರದ ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) ಕಾರ್ಖಾನೆಯಿಂದ ಬಂದ, ಬೆರಳಿಟ್ಟು ತಿರುಗಿಸುವ ಫೋನುಗಳ ಕಾಲದ ಎಕ್ಸ್‌ಚೇಂಜುಗಳು ಟೋನನ್ನು ಅರಿಯವು. ಅವಕ್ಕೆ ಅರ್ಥವಾಗುತ್ತಿದ್ದುದು ತಂತಿಯ ಸಂಪರ್ಕವನ್ನು ಐದಕ್ಕೆ ಐದು ಸಲ, ಸೊನ್ನೆಗೆ ಹತ್ತು ಸಲ ಕಡಿದು ಕೂಡಿಸುವ ಪಲ್ಸ್ ಮಾತ್ರ. ಡಯಲ್ಲಿಗೆ ಬೀಗ ಹಾಕಿದ ಫೋನಿನಲ್ಲಿ ಹುಡುಗರು ರಿಸೀವರ್ ಇಡುವ ಗುಂಡಿಯನ್ನು ಟಪಟಪನೆ ತಟ್ಟಿ ಕರೆ ಮಾಡುತ್ತಿದ್ದರಲ್ಲ, ಅದೇ ಪಲ್ಸ್. ಟೋನ್ ವಿಧಾನದಲ್ಲಿ ಪ್ರತಿ ಅಂಕಿಗೂ ಎರಡು ಸ್ವರಗಳ ಜೋಡಿಯಿರುತ್ತದೆ; ಐದಕ್ಕೆ 770 ಮತ್ತು 1,336 ಹರ್ಟ್ಸ್. 1986ರಲ್ಲಿ ಕಿತ್ತೂರಿನಲ್ಲಿ ಸರ್ಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆಯಾದ ಸಿ-ಡಾಟ್‌ನ ಮೊದಲ ಗ್ರಾಮೀಣ ಡಿಜಿಟಲ್ ಎಕ್ಸ್‌ಚೇಂಜ್ ಕೆಲಸ ಶುರುಮಾಡಿದ ಮೇಲೆ ಇಂಥವು ಊರೂರಿಗೆ ಬಂದವು. ಇಂದು ಟೋನ್ ಎಂದೇ ಇರಿಸಬಹುದು.

ಭಾರತದ ಡಯಲ್ ಟೋನ್ ಅಮೆರಿಕದ್ದರಂತೆ ಕೇಳುವುದಿಲ್ಲ. ಅಲ್ಲಿಗೆಂದು ತಯಾರಾದ ಮೋಡೆಮ್ ನಮ್ಮ ಟೋನನ್ನು ಗುರುತಿಸದೆ, ತಂತಿ ಸರಿಯಿದ್ದರೂ ‘ಡಯಲ್ ಟೋನ್ ಇಲ್ಲ’ ಎಂದು ಕೂತುಬಿಡುತ್ತದೆ. ಮೋಡೆಮ್ಮಿನ ‘ಅಡ್ವಾನ್ಸ್‌ಡ್’ ಪುಟದ ‘ಎಕ್ಸ್‌ಟ್ರಾ ಸೆಟ್ಟಿಂಗ್ಸ್’ ಚೌಕದಲ್ಲಿ ‘ಎಕ್ಸ್3’ ಎಂದು ಬರೆದರೆ ಅದು ಟೋನಿಗಾಗಿ ಕಾಯದೆ ನೇರವಾಗಿ ಡಯಲ್ ಮಾಡುತ್ತದೆ. ಎರಡೇ ಅಕ್ಷರಗಳ ಈ ಮದ್ದು ಎಷ್ಟೋ ಮನೆಗಳ ಮೋಡೆಮ್‌ಗಳನ್ನು ರಿಪೇರಿ ಅಂಗಡಿಯಿಂದ ಉಳಿಸಿದೆ.

ಅದೇ ಕಡೆ ‘ಮ್ಯಾಕ್ಸಿಮಮ್ ಸ್ಪೀಡ್’ ಎಂದು 1,15,200 ಕಾಣುತ್ತದೆ. ಇದು ತಂತಿಯ ವೇಗವಲ್ಲ, ಕಂಪ್ಯೂಟರಿಗೂ ಮೋಡೆಮ್ಮಿಗೂ ನಡುವಿನ ವೇಗ. ಮೋಡೆಮ್‌ಗಳು ಬರಹವನ್ನು ಒತ್ತಿ ಸಣ್ಣದು ಮಾಡಿ ಸಾಗಿಸಿ, ಆ ತುದಿಯಲ್ಲಿ ಹಿಗ್ಗಿಸುತ್ತವೆ. ಹಿಗ್ಗಿದ್ದು ಹಿಡಿಸಲು ಈ ಬಾಗಿಲು ದೊಡ್ಡದಾಗಿರಬೇಕು. 1,15,200ರಲ್ಲೇ ಬಿಡುವುದು ಸರಿ.

ಇನ್ನು ಸಂಪರ್ಕವನ್ನು ರಚಿಸುವುದು. ‘ಮೈ ಕಂಪ್ಯೂಟರ್’ ಒಳಗೆ ‘ಡಯಲ್-ಅಪ್ ನೆಟ್‌ವರ್ಕಿಂಗ್’ ಇದೆ; ಕಾಣದಿದ್ದರೆ ‘ಆ್ಯಡ್/ರಿಮೂವ್ ಪ್ರೋಗ್ರಾಮ್ಸ್’ನ ‘ವಿಂಡೋಸ್ ಸೆಟಪ್’ ಪುಟದ ‘ಕಮ್ಯುನಿಕೇಷನ್ಸ್’ ಅಡಿಯಲ್ಲಿ ಗುರುತು ಹಾಕಿ ಸೇರಿಸಿಕೊಳ್ಳಬೇಕು. ‘ಮೇಕ್ ನ್ಯೂ ಕನೆಕ್ಷನ್’ ಒತ್ತಿ ಒಂದು ಹೆಸರು ಕೊಟ್ಟು, ಮೋಡೆಮ್ ಆರಿಸಿ, ಸೇವಾದಾರರ ಸಂಖ್ಯೆ ಬರೆದರೆ ಒಂದು ಚಿಹ್ನೆ ಮೂಡುತ್ತದೆ. ಕಚೇರಿಯ ಇಂಟರ್‌ಕಾಂ ಮೂಲಕ ಹೊರಗೆ ಹೋಗಬೇಕಿದ್ದರೆ ಹೊರಗಿನ ಲೈನಿಗಾಗಿ ಒತ್ತುವ ಸೊನ್ನೆಯ ನಂತರ ಒಂದು ಅಲ್ಪವಿರಾಮ ಹಾಕಬೇಕು. ಆ ಚಿಹ್ನೆ ಕಂಡಲ್ಲಿ ಮೋಡೆಮ್ ಸುಮಾರು ಎರಡು ಸೆಕೆಂಡು ತಡೆದು ಮುಂದಿನ ಅಂಕಿ ಒತ್ತುತ್ತದೆ.

ಚಿಹ್ನೆಯ ‘ಪ್ರಾಪರ್ಟೀಸ್’ನಲ್ಲಿ ‘ಸರ್ವರ್ ಟೈಪ್ಸ್’ ಎಂಬ ಪುಟವೇ ಮಾತಿನ ಭಾಷೆಯನ್ನು ನಿಶ್ಚಯಿಸುವ ಜಾಗ. ಮೇಲೆ ‘ಪಿಪಿಪಿ’ ಇರಬೇಕು. ಕೆಳಗಿನ ಪಟ್ಟಿಯಲ್ಲಿ ‘ಟಿಸಿಪಿ/ಐಪಿ’ ಒಂದನ್ನು ಉಳಿಸಿ ‘ನೆಟ್‌ಬ್ಯೂಯಿ’, ‘ಐಪಿಎಕ್ಸ್’ ಎರಡರ ಗುರುತನ್ನೂ, ‘ಲಾಗ್ ಆನ್ ಟು ನೆಟ್‌ವರ್ಕ್’ ಎಂಬುದರ ಗುರುತನ್ನೂ ತೆಗೆಯಬೇಕು. ಇವು ಕಚೇರಿಯ ಜಾಲಗಳಿಗೆ ಬೇಕಾದವು. ಇಲ್ಲಿ ಇದ್ದರೆ ಆ ಕಡೆಯ ಯಂತ್ರಕ್ಕೆ ಬಾರದ ಭಾಷೆಯಲ್ಲಿ ಕೂಗಿ ಕೂಗಿ, ಸಂಪರ್ಕ ಸಿದ್ಧವಾಗುವುದನ್ನು ತಡಮಾಡುತ್ತವೆ. ಜಾಲದಲ್ಲಿ ನಮ್ಮ ಯಂತ್ರದ ಗುರುತಾದ ಐಪಿ ವಿಳಾಸವನ್ನು ‘ಸರ್ವರ್ ಅಸೈನ್ಡ್’ ಎಂದೇ ಬಿಡಬೇಕು. ಲಾಡ್ಜಿಗೆ ಹೋದಾಗ ಯಾವ ಕೋಣೆ ಖಾಲಿಯಿದೆಯೋ ಅದರ ಕೀ ಕೊಡುವಂತೆ, ಪ್ರತಿ ಕರೆಗೂ ಆ ಕಡೆಯವರು ಹೊಸ ವಿಳಾಸ ಕೊಟ್ಟು, ಫೋನಿಟ್ಟ ಮೇಲೆ ಹಿಂದಕ್ಕೆ ಪಡೆಯುತ್ತಾರೆ.

ಪಾಸ್‌ವರ್ಡ್ ಪ್ರತಿ ಸಲವೂ ಬರೆಯಬೇಕಾಗಿ ಬಂದು, ‘ಸೇವ್ ಪಾಸ್‌ವರ್ಡ್’ ಚೌಕ ಮಂಕಾಗಿ ಕಾಣುತ್ತಿದ್ದರೆ ಕಾರಣ ಬೇರೆ ಕಡೆ ಇದೆ. ಕಂಪ್ಯೂಟರ್ ಶುರುವಾಗುವಾಗ ವಿಂಡೋಸ್ ಕೇಳುವ ಹೆಸರಿನ ಪೆಟ್ಟಿಗೆಯನ್ನು ‘ಕ್ಯಾನ್ಸಲ್’ ಒತ್ತಿ ದಾಟಿದರೆ, ಯಾರ ಹೆಸರಿನಲ್ಲಿ ನೆನಪಿಡಬೇಕೆಂದು ಅದಕ್ಕೆ ತಿಳಿಯುವುದಿಲ್ಲ. ಅಲ್ಲಿ ‘ಓಕೆ’ ಒತ್ತಿಯೇ ಒಳಗೆ ಬರಬೇಕು.

ಆ ಅರ್ಧ ನಿಮಿಷದ ಸದ್ದು

‘ಕನೆಕ್ಟ್’ ಒತ್ತಿದೊಡನೆ ಮೋಡೆಮ್ಮಿನ ಪುಟ್ಟ ಸ್ಪೀಕರಿನಿಂದ ಕೇಳುವುದನ್ನು ಅನೇಕರು ಗದ್ದಲವೆಂದೇ ತಿಳಿದಿದ್ದರು. ಅದರಲ್ಲಿ ಒಂದು ಕ್ರಮವಿದೆ. ಮೊದಲು ‘ಟಕ್’ ಎಂದು ರಿಲೇ ಬೀಳುತ್ತದೆ. ಅದು ರಿಸೀವರ್ ಎತ್ತಿದ್ದಕ್ಕೆ ಸಮ. ಡಯಲ್ ಟೋನ್ ಬರುತ್ತದೆ. ಅಂಕಿಗಳು ಪೀಪೀಪೀ ಎಂದು ಓಡುತ್ತವೆ. ಆ ಕಡೆ ಒಂದೆರಡು ಸಲ ರಿಂಗಾಗಿ ಯಾರೋ ಎತ್ತುತ್ತಾರೆ, ಎತ್ತಿದವರು ‘ಹಲೋ’ ಬದಲಿಗೆ 2,100 ಹರ್ಟ್ಸ್‌ನ ತೀಕ್ಷ್ಣವಾದ ಒಂದು ಸ್ವರವನ್ನು ಎಳೆಯುತ್ತಾರೆ. ಈ ಸ್ವರ ಮೋಡೆಮ್ಮಿಗೆ ಮಾತ್ರವಲ್ಲ, ನಡುವಿನ ದೂರವಾಣಿ ಯಂತ್ರಗಳಿಗೂ ಸಂದೇಶ: ದೂರದ ಕರೆಗಳಲ್ಲಿ ನಮ್ಮ ದನಿ ನಮಗೇ ಮರುಕಳಿಸದಂತೆ ತಡೆಯುವ ಉಪಕರಣಗಳು ಅಲ್ಲಿರುತ್ತವೆ, ‘ಈಗ ಮಾತಾಡುವವರು ಮನುಷ್ಯರಲ್ಲ, ನೀವು ಸುಮ್ಮನಿರಿ’ ಎಂದು ಅದು ಅವಕ್ಕೆ ಹೇಳುತ್ತದೆ.

ಆಮೇಲೆ ಎರಡೂ ಮೋಡೆಮ್‌ಗಳು ಚಿಲಿಪಿಲಿಗುಟ್ಟುತ್ತ, ತಮತಮಗೆ ಯಾವ ಯಾವ ಮಾನದಂಡ ಗೊತ್ತು ಎಂದು ಹೇಳಿಕೊಂಡು ಇಬ್ಬರಿಗೂ ಬರುವ ವೇಗವಾದದ್ದನ್ನು ಆರಿಸುತ್ತವೆ. ನಂತರ ಹಲವು ಸ್ವರಗಳನ್ನು ಒಟ್ಟಿಗೆ ಬಿಟ್ಟು, ಈ ತಂತಿಯಲ್ಲಿ ಯಾವ ಸ್ವರ ಎಷ್ಟು ಕುಗ್ಗುತ್ತದೆ, ಎಲ್ಲಿ ಪ್ರತಿಧ್ವನಿ ಬರುತ್ತದೆ ಎಂದು ಅಳೆದುಕೊಳ್ಳುತ್ತವೆ. ಕಛೇರಿಯ ಮುನ್ನ ಮೃದಂಗವನ್ನು ಶ್ರುತಿಗೆ ತಟ್ಟಿ ನೋಡುವಂತೆ. ಕೊನೆಯಲ್ಲಿ ಹೆಂಚಿನ ಮೇಲೆ ಜಡಿಮಳೆ ಸುರಿದಂಥ ಸದ್ದು. ಅದು ನಿಜವಾದ ದತ್ತಾಂಶದ ಸದ್ದು, ತಂತಿಯ ಇಡೀ ಅಗಲವನ್ನು ತುಂಬಿಕೊಂಡದ್ದು. ಅಷ್ಟರಲ್ಲಿ ಸ್ಪೀಕರ್ ತಾನಾಗಿ ಆರಿಹೋಗುತ್ತದೆ, ಮಾತು ಮುಂದುವರಿಯುತ್ತದೆ. ರಾತ್ರಿ ಮನೆಯವರ ನಿದ್ದೆ ಕೆಡಬಾರದೆಂದರೆ ‘ಎಕ್ಸ್‌ಟ್ರಾ ಸೆಟ್ಟಿಂಗ್ಸ್’ನಲ್ಲಿ ‘ಎಂ0’ ಬರೆದರಾಯಿತು. ಆದರೆ ದೋಷ ಹುಡುಕುವ ದಿನ ಈ ಸದ್ದಿಗಿಂತ ಒಳ್ಳೆಯ ಸಾಕ್ಷಿ ಇಲ್ಲ.

ಇದಾದ ಮೇಲೆ ಪರದೆಯ ಮೇಲೆ ‘ಹೆಸರು ಮತ್ತು ಪಾಸ್‌ವರ್ಡ್ ಪರಿಶೀಲಿಸಲಾಗುತ್ತಿದೆ’ ಎಂಬ ಅರ್ಥದ ಸಾಲು ಬರುತ್ತದೆ. ಇದು ಪಿಪಿಪಿ ನಡೆಸುವ ಹಂತ: ಮಾತಿನ ನಿಯಮ ಒಪ್ಪಿಕೊಳ್ಳುವುದು, ಗುರುತು ಕೇಳುವುದು, ವಿಳಾಸ ಕೊಡುವುದು. ಅದು ಮುಗಿದರೆ ಕೆಳಗಿನ ಬಲಮೂಲೆಯಲ್ಲಿ ಎರಡು ಪುಟ್ಟ ಕಂಪ್ಯೂಟರುಗಳು ಮಿನುಗತೊಡಗುತ್ತವೆ.

ಕರೆ ಕೂಡದಿದ್ದರೆ

ವಿಂಡೋಸ್ ಕೊಡುವ ದೋಷಸಂಖ್ಯೆಗಳು ಒಗಟಿನಂತೆ ಕಂಡರೂ ಕರೆ ಯಾವ ಹಂತದಲ್ಲಿ ನಿಂತಿತೆಂಬುದನ್ನೇ ಹೇಳುತ್ತವೆ. 680 ಬಂದರೆ ಡಯಲ್ ಟೋನ್ ಇಲ್ಲ. ತಂತಿ, ‘ಲೈನ್’ ಕಿಂಡಿ, ಎಕ್ಸ್3 ನೋಡಬೇಕು. 676 ಎಂದರೆ ಆ ಕಡೆ ಎಂಗೇಜ್, 678 ಎಂದರೆ ಯಾರೂ ಎತ್ತಲಿಲ್ಲ. ಅದೇ ಸಂಖ್ಯೆಗೆ ಮಾಮೂಲಿ ಫೋನಿನಿಂದ ಕರೆ ಮಾಡಿ ಕೇಳಿದರೆ ಸತ್ಯ ತಿಳಿಯುತ್ತದೆ. ಊರಿನೊಳಗಿನ ಸಂಖ್ಯೆಗೂ ವಿಂಡೋಸ್ ತಾನಾಗಿ ಎಸ್‌ಟಿಡಿ ಕೋಡ್ ಸೇರಿಸಿ ಡಯಲ್ ಮಾಡುತ್ತಿರಬಹುದು, ಹಾಗಾಗಿ ‘ಯೂಸ್ ಏರಿಯಾ ಕೋಡ್’ ಎಂಬುದರ ಗುರುತು ತೆಗೆದಿರಬೇಕು. 691 ಬಂದರೆ ಸಂತೋಷವನ್ನೇ ಪಡಬಹುದು, ಏಕೆಂದರೆ ತಂತಿ, ಮೋಡೆಮ್, ಸಂಖ್ಯೆ ಎಲ್ಲವೂ ಸರಿಯಿದ್ದು ತಪ್ಪಿರುವುದು ಹೆಸರು ಅಥವಾ ಪಾಸ್‌ವರ್ಡ್ ಮಾತ್ರ; ಕ್ಯಾಪ್ಸ್ ಲಾಕ್ ಒತ್ತಿದೆಯೇ ನೋಡಿ. ಚೆನ್ನಾಗಿ ನಡೆಯುತ್ತಿದ್ದ ಸಂಪರ್ಕ ನಡುವೆ ಕಡಿದರೆ ಕಾಲ್ ವೇಟಿಂಗ್ ಸೌಲಭ್ಯವನ್ನು ಅನುಮಾನಿಸಬೇಕು. ಎರಡನೆಯ ಕರೆ ಬಂದಾಗಿನ ‘ಪೀಕ್’ ಸದ್ದು ಮೋಡೆಮ್ಮಿನ ಮಾತನ್ನು ಕೆಡಿಸುತ್ತದೆ.

ಇಂದು ಯಾರಿಗೆ ಡಯಲ್ ಮಾಡುವುದು?

ಈಗಿನ ದೊಡ್ಡ ತೊಡಕು ಇಲ್ಲಿದೆ. ಕರೆ ಎತ್ತುವ ಸೇವಾದಾರರು ವಿರಳ, ಜತೆಗೆ ತಾಮ್ರದ ತಂತಿಯ ಜಾಗಕ್ಕೆ ಫೈಬರ್ ಬಂದಿದೆ. ಫೈಬರಿನ ಪೆಟ್ಟಿಗೆಗೆ ಜೋಡಿಸಿದ ಲ್ಯಾಂಡ್‌ಲೈನಿನಲ್ಲಿ ಧ್ವನಿ ತುಂಡುತುಂಡಾಗಿ, ಪೊಟ್ಟಣ ಕಟ್ಟಿ ಸಾಗುತ್ತದೆ. ಒಂದು ಪೊಟ್ಟಣ ತಡವಾದರೆ ನಮ್ಮ ಕಿವಿಗೆ ಗೊತ್ತೇ ಆಗುವುದಿಲ್ಲ, ಮೋಡೆಮ್ಮಿಗೆ ಅಷ್ಟೇ ಸಾಕು ದಾರಿ ತಪ್ಪಲು. ಧ್ವನಿಯನ್ನು ಸಾಗಿಸುವ ವಿಧಾನ ಜಿ.711 ಆಗಿದ್ದರೆ ಸೆಕೆಂಡಿಗೆ 64 ಕಿಲೋಬಿಟ್ ಹಾಗೇ ಹೋಗುವುದರಿಂದ ಮೋಡೆಮ್ ಹೇಗೋ ನಡೆಯಬಹುದು, ಜಿ.729 ಆಗಿದ್ದರೆ ಅದು ಮಾತನ್ನು 8 ಕಿಲೋಬಿಟ್ಟಿಗೆ ಹಿಂಡುವುದರಿಂದ ಮೋಡೆಮ್ಮಿನ ಸ್ವರ ಉಳಿಯುವ ಮಾತೇ ಇಲ್ಲ.

ಹವ್ಯಾಸಿಗಳು ಇದಕ್ಕೆ ಎರಡು ಉಪಾಯ ಮಾಡಿಕೊಂಡಿದ್ದಾರೆ. ಒಂದು, ಮನೆಯಲ್ಲಿಯೇ ಪುಟ್ಟ ಸೇವಾದಾರನನ್ನು ಕಟ್ಟುವುದು: ಲಿನಕ್ಸ್ ಇರುವ ಇನ್ನೊಂದು ಯಂತ್ರಕ್ಕೆ ಎರಡನೆಯ ಮೋಡೆಮ್ ಜೋಡಿಸಿ, ಕರೆ ಎತ್ತಲು ‘ಎಂಗೆಟ್ಟಿ’, ವಿಳಾಸ ಕೊಡಲು ‘ಪಿಪಿಪಿಡಿ’ ಎಂಬ ತಂತ್ರಾಂಶಗಳನ್ನು ಓಡಿಸಿ, ಎರಡು ಮೋಡೆಮ್‌ಗಳ ನಡುವೆ ಎಕ್ಸ್‌ಚೇಂಜಿನ ಪಾತ್ರಕ್ಕೆ ಎರಡು ಫೋನ್ ಕಿಂಡಿಗಳಿರುವ ಇಂಟರ್ನೆಟ್ ಫೋನ್ ಅಡಾಪ್ಟರನ್ನು ಇಡುವುದು. ಎರಡೂ ಕಡೆ ಅಳತೆಯ ಹಂತ ಇರುವುದರಿಂದ ಇಲ್ಲಿ 33.6ಕ್ಕಿಂತ ಹೆಚ್ಚು ಸಿಗದು. ಇನ್ನೊಂದು ಉಪಾಯ ಸುಲಭದ್ದು: ಇಎಸ್‌ಪಿ8266 ಎಂಬ ಅಗ್ಗದ ಚಿಪ್ ಇರುವ ವೈ-ಫೈ ಮೋಡೆಮ್ ಸೀರಿಯಲ್ ಪೋರ್ಟಿಗೆ ಸೇರಿಕೊಂಡು, ಅದೇ ಎಟಿ ಆಜ್ಞೆಗಳಿಗೆ ಉತ್ತರಿಸುತ್ತ, ಫೋನ್ ತಂತಿಯ ಬದಲು ಮನೆಯ ವೈ-ಫೈ ಬಳಸುತ್ತದೆ. ಹಳೆಯ ಕಂಪ್ಯೂಟರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಆ ಸದ್ದು ಮಾತ್ರ ಇರುವುದಿಲ್ಲ. ಕಡತಗಳನ್ನು ಹೊರತೆಗೆಯುವುದಷ್ಟೇ ಗುರಿಯಾಗಿದ್ದರೆ ಇವೆರಡೂ ಬೇಡ. ಹಾರ್ಡ್‌ಡಿಸ್ಕ್ ಬಿಚ್ಚಿ ಯುಎಸ್‌ಬಿ ಅಡಾಪ್ಟರಿಗೆ ಸಿಕ್ಕಿಸುವುದೇ ನೇರ ದಾರಿ.

ಸಂಪರ್ಕ ಬಂದ ಮೇಲೆ

ಬ್ರೌಸರ್ ತೆರೆದರೆ ಹೆಚ್ಚಿನ ಪುಟಗಳು ಬರುವುದಿಲ್ಲ. ಇಂದಿನ ತಾಣಗಳು ಮಾತುಕತೆಯನ್ನು ಗುಟ್ಟಾಗಿಡಲು ಬಳಸುವ ವಿಧಾನ ಆ ಕಾಲದ ಬ್ರೌಸರಿಗೆ ಬಾರದು. ಮದರ್‌ಬೋರ್ಡಿನ ಬಟನ್ ಬ್ಯಾಟರಿ ಸತ್ತಿದ್ದರೆ ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಹೋಗಿ, ಬರಬೇಕಾದ ಪುಟವೂ ಪ್ರಮಾಣಪತ್ರದ ದೋಷ ತೋರಿಸಿ ನಿಲ್ಲುತ್ತದೆ. ಬ್ಯಾಟರಿ ಬದಲಿಸಿ ದಿನಾಂಕ ಸರಿಪಡಿಸಬೇಕು. ವಿಂಡೋಸ್ 98ಕ್ಕೆ 2006ರ ಜುಲೈ 11ರ ನಂತರ ಭದ್ರತೆಯ ತಿದ್ದುಪಡಿಗಳೇ ಬಂದಿಲ್ಲ, ಆದ್ದರಿಂದ ಬ್ಯಾಂಕಿನ ವ್ಯವಹಾರವನ್ನಾಗಲಿ ಇಮೇಲ್ ಪಾಸ್‌ವರ್ಡನ್ನಾಗಲಿ ಈ ಯಂತ್ರದ ಹತ್ತಿರ ಸುಳಿಸಬಾರದು.

ಕನ್ನಡದ ಪುಟ ತೆರೆದರೆ ಅಕ್ಷರಗಳ ಬದಲು ಖಾಲಿ ಚೌಕಗಳು ಕಾಣುತ್ತವೆ. ಎಲ್ಲ ಭಾಷೆಗಳ ಅಕ್ಷರಗಳಿಗೂ ಬೇರೆಬೇರೆ ಸಂಕೇತ ಕೊಡುವ ಯುನಿಕೋಡ್ ಪದ್ಧತಿಯ ಕನ್ನಡವನ್ನು ತೋರಿಸುವ ವ್ಯವಸ್ಥೆ ವಿಂಡೋಸ್‌ಗೆ ಬಂದದ್ದು 2001ರ ಎಕ್ಸ್‌ಪಿಯಲ್ಲಿ, ತುಂಗಾ ಎಂಬ ಅಕ್ಷರಶೈಲಿಯೊಡನೆ. 1996ರಲ್ಲಿ ಶುರುವಾದ ‘ವಿಶ್ವಕನ್ನಡ’ದಂಥ ಮೊದಮೊದಲ ಜಾಲತಾಣಗಳ ಕಾಲದಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆಯೇ ಕನ್ನಡದ ಆಕಾರಗಳನ್ನು ಕೂರಿಸಿದ ಫಾಂಟುಗಳಿಂದ ಕೆಲಸ ಸಾಗುತ್ತಿತ್ತು, ಅಲ್ಲಿ ಒಂದು ಆಕಾರಕ್ಕೆ ಒಂದು ಬೈಟ್, ಇಂದು ಜಾಲದಲ್ಲಿ ಬಳಕೆಯಲ್ಲಿರುವ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್. ಹಾಗೆಂದು ಹೆದರಬೇಕಿಲ್ಲ. ಚಿತ್ರಗಳಿಲ್ಲದ ಇಷ್ಟು ಉದ್ದದ ಬರಹವೂ ಅರವತ್ತು ಕಿಲೋಬೈಟಿನ ಸುತ್ತಮುತ್ತಲೇ ಇರುತ್ತದೆ, 33.6ರ ವೇಗದಲ್ಲಿ ಕಾಲು ನಿಮಿಷದ ಕೆಲಸ.

ಮುಗಿಸುವಾಗ ಬ್ರೌಸರ್ ಮುಚ್ಚಿದರೆ ಸಾಲದು, ಫೋನ್ ಇನ್ನೂ ಎತ್ತಿಯೇ ಇರುತ್ತದೆ. ಮೂಲೆಯ ಎರಡು ಕಂಪ್ಯೂಟರುಗಳ ಚಿಹ್ನೆಯ ಮೇಲೆ ಎರಡು ಸಲ ಒತ್ತಿ ‘ಡಿಸ್ಕನೆಕ್ಟ್’ ಆರಿಸಬೇಕು. ‘ಟಕ್’ ಎಂದು ರಿಲೇ ಮೇಲೇಳುವುದು ಕೇಳಿಸಿದರೂ ಒಮ್ಮೆ ಮನೆಯ ಫೋನಿನ ರಿಸೀವರ್ ಎತ್ತಿ ಡಯಲ್ ಟೋನ್ ಮರಳಿದೆಯೇ ನೋಡಿ; ಬಿಲ್ ಓಡುತ್ತಿದ್ದ ಕಾಲದಲ್ಲಿ ಕಂಪ್ಯೂಟರ್ ಆರಿಸುವ ಮೊದಲು ಮನೆಯ ಹಿರಿಯರು ಮಾಡಿಸುತ್ತಿದ್ದ ಕಡೆಯ ಕೆಲಸ ಅದೇ ಆಗಿತ್ತು.